ಗಾಲಿಗೆ ಹಾಕಿದ ಗಾರೆ

ಟವರು ಆ ಬೀದಿಗೆ ಬಂದದ್ದು ಟ್ರಾಲಿಯ ಮೇಲೆ ಮಲಗಿಕೊಂಡು. ಅದರ ಹಿಂದೆ ಲಾರಿಯಲ್ಲಿ ಒಂದು ತಗಡಿನ ಕೋಣೆ ಬಂತು. ಕೋಣೆಯ ಹಿಂದೆ ಮೇಸ್ತ್ರಿ ಎಡಗಾಲು ಎಳೆಯುತ್ತಾ ಬಂದ. ಅವನ ಹಿಂದೆ ಅವನ ಹೆಂಡತಿ, ಸ್ಟೌವನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು.

ಬೀದಿಯಲ್ಲಿ ಮೊದಲು ಒಂದು ಹಳೇ ಮಹಡಿ ಕಟ್ಟಡವಿತ್ತು, ಅದರ ತಲೆಯ ಮೇಲೆ ಒಂದು ಟವರಿತ್ತು. ಮಾಲೀಕ ಹೊಸದು ಕಟ್ಟುತ್ತೇನೆಂದು ಹಳೆಯದನ್ನು ಕೆಡವಿದ. ಸುತ್ತಲಿನ ನಾಲ್ಕು ಬೀದಿಯ ಫೋನುಗಳು ಒಂದೇ ಸಲ ಸತ್ತವು. ಜನ ಬೊಬ್ಬೆ ಹೊಡೆದರು. ಹೊಸ ಕಟ್ಟಡ ಏಳುವ ತನಕ ಇರಲಿ ಅಂತ ಕಂಪನಿಯವರು ಈ ಗಾಲಿ ಟವರನ್ನು ತಂದು ಶಾಲೆಯ ಹಿಂಗೋಡೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದರು. ಕೀಲು ತಿರುಗಿಸಿದ ಹಾಗೆ ಕಂಬದೊಳಗಿಂದ ಕಂಬ ಮೇಲೆದ್ದಿತು. ಕಾವಲಿಗೆ ಮೇಸ್ತ್ರಿ.

ಕಂಪನಿಯ ಸೂಪರ್‌ವೈಸರ್ ಬೈಕಿನಿಂದ ಇಳಿಯದೆಯೇ ಕಾನೂನು ಹೇಳಿದ. "ನೋಡು ಮೇಸ್ತ್ರಿ, ಶಾಲೆ ಪಕ್ಕ ಕಾಯಂ ಟವರ್ ಇಡೋ ಹಾಗಿಲ್ಲ. ಇದು ತಾತ್ಕಾಲಿಕ. ಗಾಲಿ ಮೇಲಿದ್ರೆ ಗಾಡಿ, ನೆಲಕ್ಕೆ ಕಚ್ಕೊಂಡ್ರೆ ಕಟ್ಟಡ. ಕಟ್ಟಡ ಆದ್ರೆ ನಮ್ಮ ಕಥೆ ಮುಗೀತು."

"ಅಂದ್ರೆ ಬುನಾದಿ ತೋಡಬಾರದು."

"ಹೂಂ, ಅದೇ."

ಮೇಸ್ತ್ರಿ ಹಾಗಂತಲೇ ತಿಳಿದುಕೊಂಡ. ಹುಟ್ಟಿದಾಗಿನಿಂದ ಅವನಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಬುನಾದಿ ಇದ್ದರೆ ಕಟ್ಟಡ, ಇಲ್ಲದಿದ್ದರೆ ಅದು ಬರೀ ಮಣ್ಣಿನ ಮೇಲಿನ ವಸ್ತು. ಅಪ್ಪನ ಜೊತೆ ಕಲ್ಲು ಹೊತ್ತು, ಆಮೇಲೆ ಕರಣೆ ಹಿಡಿದು, ಎಷ್ಟೋ ಜನರ ಮನೆಯ ಗೋಡೆ ಎತ್ತಿದವನು. ಒಂದು ದಿನ ಗೋಡೆಗೆ ಕಟ್ಟಿದ ಸಾರವೆಯ ಹಲಗೆ ಜಾರಿ ಕೆಳಗೆ ಬಿದ್ದ. ಮುರಿದ ಕಾಲು ಸೇರಿತು, ಆದರೆ ಸೊಟ್ಟಗೆ ಸೇರಿತು. ಆಮೇಲೆ ಮೇಲೆ ಹತ್ತುವ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಕೂತು ಕಾಯುವ ಕೆಲಸ ಸಿಕ್ಕಿತು. ಹೆಸರು ಮಾತ್ರ ಮೇಸ್ತ್ರಿ ಅಂತಲೇ ಉಳಿಯಿತು.

ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಹೆಂಡತಿಯ ಮೇಲೆ ಸಿಟ್ಟು ಮಾಡುವುದನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು. ಅವಳಿಗೆ ಮರೆವು ಹಿಡಿದಿತ್ತು. ಮೊದಮೊದಲು ಉಪ್ಪು ಎರಡು ಸಲ ಹಾಕುತ್ತಿದ್ದಳು. ಆಮೇಲೆ ಹಾಕಿದೆನೋ ಇಲ್ಲವೋ ಅಂತ ಕೂತು ಅಳುತ್ತಿದ್ದಳು. ಹಿಂದಿನ ಊರಿನಲ್ಲಿ ಅಂಗಡಿಗೆಂದು ಹೋದವಳು ಮೂರು ಸಲ ದಾರಿ ತಪ್ಪಿದಳು. ಕೊನೆಯ ಸಲ ಯಾರೋ ಪೊಲೀಸಿನವರು ಕರೆತಂದು ಬಿಟ್ಟು, "ಕಟ್ಟಿ ಹಾಕ್ರೀ ಇವರನ್ನ" ಅಂದು ಹೋದರು. ಆ ಮಾತನ್ನು ಅವಳು ಮರೆಯಲಿಲ್ಲ. ಬೇರೆ ಎಲ್ಲ ಮರೆತಳು, ಅದೊಂದು ನೆನಪಿತ್ತು. "ನನ್ನ ಕಟ್ಟಿ ಹಾಕ್ತೀರೇನ್ರೀ?" ಅಂತ ಆಗಾಗ ಕೇಳುತ್ತಿದ್ದಳು. "ಇಲ್ವೇ, ನಾನಿರೋ ತನಕ ಇಲ್ಲ" ಅನ್ನುತ್ತಿದ್ದ ಇವನು.

ಈ ಸೈಟಿಗೆ ಬಂದ ಮೇಲೆ ಅವಳಿಗೊಂದು ದಾರಿ ಸಿಕ್ಕಿತು. ಒಂದು ದಿನ ಇವನ ನಿದ್ದೆಯ ಹೊತ್ತಿನಲ್ಲಿ ಎದ್ದು ಹೋಗಿದ್ದಳು. ಇವನು ಎದೆ ಹಿಡಿದುಕೊಂಡು ಬೀದಿ ಬೀದಿ ಹುಡುಕಿ ಸೋತು ವಾಪಸ್ಸು ಬಂದರೆ, ಅವಳು ತಗಡಿನ ಕೋಣೆಯ ಮುಂದೆ ಸೊಪ್ಪು ಬಿಡಿಸುತ್ತಾ ಕೂತಿದ್ದಾಳೆ.

"ಎಲ್ಲಿಗೆ ಹೋಗಿದ್ಯೇ?"

"ಸೊಪ್ಪಿಗೆ."

"ವಾಪಸ್ ಹೇಗೆ ಬಂದೆ?"

ಅವಳು ಗದ್ದ ಎತ್ತಿ ಮೇಲೆ ತೋರಿಸಿದಳು. "ಆ ಕಂಬದ ಬುಡದಲ್ಲೇ ಅಲ್ವಾ ನಮ್ಮನೆ? ಎಲ್ಲಿಂದ ನೋಡಿದ್ರೂ ಕಾಣುತ್ತೆ. ನಿಮಗೆ ಕಾಣಲ್ವಾ?"

ಇವನು ಆಚೆ ಹೋಗಿ ಮುಖ ತೊಳೆದುಕೊಂಡು ಬಂದ.

ಅಲ್ಲಿಂದ ಮುಂದೆ ಅವಳು ಒಬ್ಬಳೇ ಓಡಾಡತೊಡಗಿದಳು. ಹಾಲಿಗೆ, ಸೊಪ್ಪಿಗೆ, ಸುಮ್ಮನೆ ಗಾಳಿಗೆ. ಬೀದಿಗಳ ಹೆಸರು ಗೊತ್ತಿಲ್ಲ, ತಿರುವುಗಳ ನೆನಪಿಲ್ಲ. ತಲೆ ಎತ್ತುವುದು, ಕಂಬ ಹುಡುಕುವುದು, ಅದರ ಕಡೆಗೆ ನಡೆಯುವುದು. ಆ ಬಡಾವಣೆಯಲ್ಲಿ ಅಷ್ಟು ಎತ್ತರದ್ದು ಅದೊಂದೇ ಇತ್ತು. ಅವಳ ನಡಿಗೆಯಲ್ಲಿ ಮತ್ತೆ ಮೊದಲಿನ ಬಿಂಕ ಬಂತು. "ನಾನೇನು ಹುಚ್ಚಿ ಅಲ್ಲ, ಗೊತ್ತಾ" ಅನ್ನುತ್ತಿದ್ದಳು ಇಸ್ತ್ರಿ ಅಂಗಡಿಯವನಿಗೆ, ಅವನು ಏನೂ ಕೇಳದಿದ್ದರೂ.

ಮೇಸ್ತ್ರಿ ಇದನ್ನು ಯಾರಿಗೂ ಹೇಳಲಿಲ್ಲ. ಕಂಪನಿಗೆ ತಿಳಿದರೆ, ಅಂಥ ಹೆಂಗಸನ್ನು ಸೈಟಿನಲ್ಲಿ ಇಟ್ಟುಕೊಳ್ಳಬೇಡ ಅಂತ ಇಬ್ಬರನ್ನೂ ಓಡಿಸುತ್ತಾರೆ ಎಂಬ ಭಯ.

ಬೀದಿಯವರಿಗೆ ಟವರು ಕಂಡರೆ ಆಗುತ್ತಿರಲಿಲ್ಲ. ಮನೆಯೊಳಗೆ ಫೋನು ಚೆನ್ನಾಗಿ ಬರಬೇಕು, ಮನೆ ಪಕ್ಕ ಟವರು ಇರಬಾರದು. ಇದು ಯಾವ ಊರ ನ್ಯಾಯ ನೀವೇ ಹೇಳಿ. ಎಲ್ಲರಿಗಿಂತ ಮುಂದೆ ನಿಂತವರು ಕೊಡೆ ಸಾಹೇಬರು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬಿಸಿಲಿರಲಿ ಮೋಡವಿರಲಿ, ಕೈಯಲ್ಲಿ ಕರಿ ಕೊಡೆ. ಅವರ ಮೊಮ್ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ದಿನಾ ಅವಳನ್ನು ಬಿಟ್ಟು ಬರುವಾಗ ಸೈಟಿನ ಮುಂದೆ ನಿಲ್ಲುತ್ತಿದ್ದರು.

"ಏನಪ್ಪಾ ಮೇಸ್ತ್ರಿ, ಯಾವಾಗ ಹೊರಡುತ್ತೆ ನಿನ್ನ ಕಂಬ?"

"ನನ್ನದಾಗಿದ್ರೆ ಮಾರ್ಕೊಂಡು ಮನೆ ಕಟ್ತಿದ್ದೆ, ಸಾಹೇಬ್ರೇ."

"ಮಕ್ಕಳ ತಲೆಗೆ ಒಳ್ಳೇದಲ್ಲ ಅಂತಾರೆ ಇದು."

"ಯಾರಂತಾರೆ?"

"ಎಲ್ಲ ಫೋನಲ್ಲಿ ಬರುತ್ತಲ್ಲಪ್ಪ."

"ಫೋನಲ್ಲಿ ಬರೋಕೆ ಟವರ್ ಬೇಕಲ್ಲ ಸಾಹೇಬ್ರೇ."

ಸಾಹೇಬರು ನಕ್ಕುಬಿಟ್ಟರು. ಕೆಟ್ಟವರೇನಲ್ಲ. ಮೊಮ್ಮಗಳ ಮೇಲೆ ಜೀವ. ಆದರೆ ಹಿಡಿದದ್ದನ್ನು ಬಿಡುವ ಜಾತಿಯಲ್ಲ. ನಗರಸಭೆಗೆ ಹೋಗಿ ಹೋಗಿ ಅವರ ಚಪ್ಪಲಿ ಸವೆದಿತ್ತು. ಅಲ್ಲಿ ಪ್ರತಿ ಸಲವೂ ಒಂದೇ ಉತ್ತರ, ಗಾಲಿ ಮೇಲಿರೋದು ಗಾಡಿ, ಗಾಡಿಗೆ ನಮ್ಮ ಕಾನೂನು ತಗಲೋದಿಲ್ಲ.

ಮಳೆ ಹಿಡಿಯಿತು. ಖಾಲಿ ಸೈಟು ಕೆಸರಿನ ಗುಂಡಿಯಾಯಿತು. ಕೋಣೆಯಿಂದ ನಲ್ಲಿಗೆ, ನಲ್ಲಿಯಿಂದ ಗೇಟಿಗೆ ಎರಡು ಹಲಗೆ ಹಾಸಿದ್ದ ಮೇಸ್ತ್ರಿ. ಅವಳಿಗೆ ಹಲಗೆ ನೆನಪಿರುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೀದಾ ಕೆಸರಿಗೆ ಕಾಲಿಟ್ಟು ಜಾರಿ, ಟ್ರಾಲಿಯ ಕಬ್ಬಿಣಕ್ಕೆ ತಲೆ ತಗುಲಿಸಿಕೊಂಡಳು. ಹುಬ್ಬಿನ ಮೇಲೆ ರಕ್ತ. ಮಣಿಕಟ್ಟು ಊದಿಕೊಂಡಿತು. ಅದಕ್ಕಿಂತ ಹೆಚ್ಚಾಗಿ ಅವಳು ಹೆದರಿದಳು. ಒಂದು ವಾರ ಕೋಣೆಯಿಂದ ಆಚೆ ಬರಲಿಲ್ಲ. ಬಾಗಿಲಲ್ಲಿ ನಿಂತು ಕೆಸರು ನೋಡುವಳು, ಒಳಗೆ ಹೋಗುವಳು.

ಮೇಸ್ತ್ರಿಗೆ ತಡೆಯಲಾಗಲಿಲ್ಲ. ಹೊಸ ಕಟ್ಟಡದ ಕೆಲಸದವರಲ್ಲಿ ಹಳೇ ಗುರುತಿನವನೊಬ್ಬನಿದ್ದ. ಅವನನ್ನು ಕೇಳಿ ಉಳಿದ ಸಿಮೆಂಟು, ಒಂದಿಷ್ಟು ಜಲ್ಲಿ, ಮರಳು ತಂದ. ಮಳೆ ಬಿಡುವು ಕೊಟ್ಟ ದಿನ ಪ್ಯಾಂಟು ಮಡಚಿ ಕೂತ. ಕೈಗೆ ಕರಣೆ ಸಿಕ್ಕಿದ್ದೇ ತಡ, ಸೊಟ್ಟಗಾಲು ಮರೆತುಹೋಯಿತು. ಕೋಣೆಯ ಬಾಗಿಲಿಂದ ಶುರುಮಾಡಿ ನಲ್ಲಿಯ ತನಕ, ಗೇಟಿನ ತನಕ ನೆಲ ಹಾಕಿದ. ನೀರು ನಿಲ್ಲದ ಹಾಗೆ ವಾಟ ಕೊಟ್ಟ. ಹಾಗೇ ಟ್ರಾಲಿಯ ಹತ್ತಿರ ಬಂದ. ಗಾಲಿಯ ಸುತ್ತ ಒಂದು ಗೇಣು ಜಾಗ ಬಿಟ್ಟು ನಿಲ್ಲಿಸಬಹುದಿತ್ತು. ಆದರೆ ಬಿಟ್ಟರೆ ಅಲ್ಲೇ ನೀರು ಸೇರುತ್ತದೆ, ನೆಲ ಒಡೆಯುತ್ತದೆ, ಅವಳು ಅಲ್ಲೇ ಮತ್ತೆ ಜಾರುತ್ತಾಳೆ. ಅಷ್ಟಕ್ಕೂ ಯಾವ ಗಾರೆಯವನು ನೆಲವನ್ನು ಅರ್ಧಕ್ಕೆ ಬಿಟ್ಟು ಏಳುತ್ತಾನೆ? ಗಾರೆಯನ್ನು ಗಾಲಿಗೆ ಒತ್ತಿ, ಅಂಚು ಕಟ್ಟಿ, ನುಣ್ಣಗೆ ತೀಡಿದ. ನಾಲ್ಕೂ ಗಾಲಿಗೂ.

ಬುನಾದಿ ತೋಡಿರಲಿಲ್ಲವಲ್ಲ. ಅವನ ಲೆಕ್ಕದಲ್ಲಿ ತಪ್ಪೇ ಆಗಿರಲಿಲ್ಲ.

ನೆಲ ಒಣಗಿದ ದಿನ ಅವಳು ಬರಿಗಾಲಲ್ಲಿ ಅದರ ಮೇಲೆ ನಿಂತು, ಹಿಮ್ಮಡಿಯಿಂದ ಒಂದು ಸಲ ಒತ್ತಿ ನೋಡಿದಳು. "ಯಾರ ಮನೆ ಇದು?"

"ನಿಂದೇ."

"ಸುಳ್ಳು" ಅಂದಳು. ಆದರೆ ನಗುತ್ತಾ ನಲ್ಲಿಯ ತನಕ ನಡೆದಳು, ಅಲ್ಲಿಂದ ಗೇಟಿಗೆ, ಗೇಟಿನಿಂದ ಬೀದಿಗೆ.

ಕೊಡೆ ಸಾಹೇಬರೂ ನೋಡಿದರು. "ಕೈ ಚೆನ್ನಾಗಿದೆಯಪ್ಪ ನಿಂದು" ಅಂದರು. ಮೇಸ್ತ್ರಿ ಹಿಗ್ಗಿದ. ಸಾಹೇಬರು ಬಗ್ಗಿ ಗಾಲಿಗಳನ್ನು ಇನ್ನೊಂದು ಸಲ ನೋಡಿದರು. ಫೋನು ತೆಗೆದು ಫೋಟೋ ಹೊಡೆದುಕೊಂಡರು. ಹೊಗಳಿಕೆಗೆ ಹೊಡೆದುಕೊಂಡದ್ದು ಅಂತಲೇ ಮೇಸ್ತ್ರಿ ತಿಳಿದ. ಕರಣೆ ಹಿಡಿದು ಪಕ್ಕದಲ್ಲಿ ನಿಂತೂ ಕೊಟ್ಟ.

ಮುಂದಿನ ವಾರ ನಗರಸಭೆಯ ಇಂಜಿನಿಯರ್ ಬಂದ. ಹಿಂದೆಯೇ ಸೂಪರ್‌ವೈಸರ್, ಮುಖ ಬಿಳಿಚಿಕೊಂಡು. ಸಾಹೇಬರು ಗೇಟಿನ ಹತ್ತಿರ ಕೊಡೆ ಊರಿ ನಿಂತರು.

ಇಂಜಿನಿಯರ್ ಬೂಟಿನ ತುದಿಯಿಂದ ಗಾಲಿ ತಟ್ಟಿದ. "ಇದು ತಿರುಗುತ್ತಾ?"

"ಕಂಬ ಎದ್ದಿರೋವಾಗ ಗಾಲಿ ಯಾಕೆ ತಿರುಗಿಸ್ಬೇಕು ಸಾರ್?" ಅಂದ ಮೇಸ್ತ್ರಿ.

"ತಿರುಗೋ ಹಾಗಿದೆಯಾ ಅಂತ ಕೇಳಿದ್ದು."

"ಅದು ಬರೀ ನೆಲ ಸಾರ್. ಬುನಾದಿ ಇಲ್ಲ. ಬೇಕಿದ್ರೆ ಅಗೆದು ನೋಡಿ, ಒಂದು ಗೇಣೂ ತೋಡಿಲ್ಲ."

"ಬುನಾದಿ ನಿನ್ನ ಪುಸ್ತಕದ್ದು. ನಮ್ಮ ಪುಸ್ತಕದಲ್ಲಿ ಗಾಲಿ ಹೂತುಹೋದ್ರೆ ಕಾಯಂ. ಕಾಯಂ ಇಲ್ಲಿ ಇರೋ ಹಾಗಿಲ್ಲ."

"ಈಗಲೇ ಒಡೆದು ಹಾಕ್ತೀನಿ. ಮಧ್ಯಾಹ್ನಕ್ಕೆ ಗಾಲಿ ತಿರುಗಿಸಿ ತೋರಿಸ್ತೀನಿ."

"ಫೋಟೋ ಮೇಲಿನವರ ಹತ್ರ ಹೋಗಿದೆ. ಇನ್ನು ನನ್ನ ಕೈಲಿಲ್ಲ."

ಸೂಪರ್‌ವೈಸರ್ ಬಾಯಿ ಬಿಟ್ಟ. "ನಿನಗೆ ಯಾರಯ್ಯ ಹೇಳಿದ್ದು ಗಾರೆ ಹಾಕು ಅಂತ? ಕಾಯೋಕೆ ಇಟ್ಟಿದ್ದಾ, ಕಟ್ಟೋಕೆ ಇಟ್ಟಿದ್ದಾ?"

ಮೇಸ್ತ್ರಿಯ ಸಿಟ್ಟು ಅವನ ಕಡೆ ಹೋಗಲಿಲ್ಲ. ಗೇಟಿನ ಕಡೆ ಹೋಯಿತು. ಬಾಯಿಗೆ ಬಂದದ್ದೆಲ್ಲ ಬೈದ. ಸಾಹೇಬರ ಕೊಡೆ ಕಿತ್ತು ಬೀದಿಗೆಸೆದ. ಆಮೇಲೆ ಇಷ್ಟು ದಿನ ಮುಚ್ಚಿಟ್ಟಿದ್ದನ್ನೆಲ್ಲ ಬೀದಿಯ ಮುಂದೆ ಹರವಿದ. ಹೆಂಡತಿಯ ಮರೆವು, ಪೊಲೀಸಿನವನ ಮಾತು, ಕಂಬ ನೋಡಿಕೊಂಡು ಅವಳು ಮನೆ ಸೇರುವುದು. ಅವಳು ಕೋಣೆಯ ಬಾಗಿಲಲ್ಲಿ ನಿಂತು, ಯಾರದೋ ಜಗಳವೆಂಬಂತೆ ಕೇಳುತ್ತಿದ್ದಳು.

ಸಾಹೇಬರು ಕೊಡೆ ಎತ್ತಿಕೊಳ್ಳಲಿಲ್ಲ. "ಮೊದಲೇ ಹೇಳಬಾರದಿತ್ತೇನಪ್ಪ" ಅಂದರು.

"ಹೇಳಿದ್ರೆ ಏನ್ ಮಾಡ್ತಿದ್ರಿ?"

ಅವರು ಶಾಲೆಯ ಗೋಡೆಯ ಕಡೆ ನೋಡಿದರು. ಒಳಗೆ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು. ಸಾಹೇಬರು ಸುಳ್ಳು ಹೇಳಲಿಲ್ಲವಲ್ಲ, ಅಷ್ಟರ ಮಟ್ಟಿಗೆ ಮನುಷ್ಯ.

ಟವರು ಇಳಿಸುವ ದಿನ ಗಾಲಿ ಬಿಡಿಸುವ ಕೆಲಸ ಮೇಸ್ತ್ರಿಯದೇ ಅಂತ ಕಂಪನಿ ಹೇಳಿತು. ನೀನೇ ಹಾಕಿದ್ದು, ನೀನೇ ತೆಗಿ. ಉಳಿ ಸುತ್ತಿಗೆ ಹಿಡಿದು ಕೂತ. ಒಳ್ಳೇ ಗಾರೆ, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕೋಣೆಯನ್ನೂ ಎತ್ತಬೇಕೆಂದು ಸಾಮಾನು ಆಚೆ ಹಾಕಿದ್ದರು. ಹೆಂಡತಿಯನ್ನು ಮಂಚದ ಮೇಲೆ ಕೂರಿಸಿ, "ಇಲ್ಲೇ ಇರು, ಏಳ್ಬೇಡ" ಅಂದಿದ್ದ. ಕ್ರೇನು ಬಂತು. ಗದ್ದಲವಾಯಿತು. ಅವಳಿಗೆ ಗದ್ದಲ ಆಗುವುದಿಲ್ಲ. ಎದ್ದು ಹೋದಳು. ಮೂರನೇ ಗಾಲಿಯ ಗಾರೆ ಒಡೆಯುತ್ತಿದ್ದ ಇವನ ಬೆನ್ನು ಅವಳ ಕಡೆಗಿತ್ತು.

ಕಂಬ ಒಂದರೊಳಗೊಂದು ಇಳಿದು ಮಲಗಿದ ಮೇಲೆ ಇವನು ಬೆವರೊರೆಸಿಕೊಂಡು ತಿರುಗಿದ. ಮಂಚ ಖಾಲಿ.

ಇಡೀ ಬೀದಿ ಹುಡುಕಿತು. ಇಸ್ತ್ರಿಯವನು ಅಂಗಡಿ ಮುಚ್ಚಿ ಹೊರಟ. ಸಾಹೇಬರು ಆ ವಯಸ್ಸಿನಲ್ಲಿ ಓಡಿದರು. ಒಬ್ಬರಿಗೊಬ್ಬರು ಸಿಕ್ಕಿದ್ರಾ ಅಂತ ಕೇಳೋಣವೆಂದರೆ ಯಾರ ಫೋನೂ ಹತ್ತುತ್ತಿರಲಿಲ್ಲ. ಕೂಗಿಕೊಂಡೇ ತಿರುಗಿದರು.

ದೊಡ್ಡ ರಸ್ತೆಯ ಆಚೆ, ಬಹಳ ದೂರದಲ್ಲಿ, ಒಂದು ಆಫೀಸು ಕಟ್ಟಡ. ಅದರ ನೆತ್ತಿಯ ಮೇಲೆ ಟವರು. ಅಷ್ಟು ಗಾಡಿಗಳ ನಡುವೆ ಆ ರಸ್ತೆಯನ್ನು ಹೇಗೆ ದಾಟಿದಳೋ. ಸಂಜೆಯ ಹೊತ್ತಿಗೆ ಮೇಸ್ತ್ರಿ ಅಲ್ಲಿ ಮುಟ್ಟಿದಾಗ ಅವಳು ಗೇಟಿನ ಕಾವಲುಗಾರನ ಜೊತೆ ಜಗಳಕ್ಕೆ ನಿಂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ನೋಡ್ರೀ, ನಮ್ಮ ಮನೆಗೆ ನನ್ನನ್ನೇ ಬಿಡ್ತಿಲ್ಲ ಇವನು."

"ಇದು ನಮ್ಮನೆ ಅಲ್ವೇ."

"ಕಂಬ ಇದೆಯಲ್ಲ ಮೇಲೆ."

"ಇದು ಬೇರೆ ಕಂಬ."

ಅವಳು ಮೇಲೆ ನೋಡಿದಳು, ಅವನನ್ನು ನೋಡಿದಳು, ಮತ್ತೆ ಮೇಲೆ ನೋಡಿದಳು. "ಎಷ್ಟಿದಾವ್ರೀ ಹಾಗಾದ್ರೆ?" ಅಂದಳು. ಆಮೇಲೆ ಅವನ ಕೈ ಹಿಡಿದುಕೊಂಡು ಬಂದಳು. ಅವಳು ತಾನಾಗಿ ಅವನ ಕೈ ಹಿಡಿದದ್ದು ಅದೇ ಮೊದಲು, ಅವನ ಕೈ ಬೇಕು ಅಂತಲ್ಲ, ಇನ್ನು ತನ್ನಿಂದಾಗದು ಅಂತ.

ಕಂಪನಿ ಇವನನ್ನು ಬಿಟ್ಟಿತು. ಹೊಸ ಕಟ್ಟಡದ ಮೇಲೂ ಟವರು ಏಳಲಿಲ್ಲ. ಹಳೆಯದು ಕಾನೂನು ಬರುವ ಮೊದಲಿನದಂತೆ, ಅದಕ್ಕೆ ಇತ್ತಂತೆ. ಹೊಸದಕ್ಕೆ ಶಾಲೆ ಹತ್ತಿರವಾಯಿತಂತೆ. ಬೀದಿಯವರು ಈಗಲೂ ಮಾತಾಡಬೇಕಾದರೆ ತಾರಸಿ ಹತ್ತುತ್ತಾರೆ.

ಬಾಡಿಗೆಗೆ ಒಂದು ರೂಮು ಹುಡುಕಿಕೊಟ್ಟವರು ಸಾಹೇಬರೇ. ಮೇಸ್ತ್ರಿ ಬೇಡವೆನ್ನಲಿಲ್ಲ, ಥ್ಯಾಂಕ್ಸೂ ಅನ್ನಲಿಲ್ಲ. ಮನೆಗಳ ಹಿಂದಿನ ಓಣಿಯಲ್ಲಿ ಒಂದು ಕಿಟಕಿ, ಒಂದು ಬಾಗಿಲು. ಕೆಲಸ ಒಂದು ಗೋದಾಮಿನ ಕಾವಲು, ದಿನದ ಪಾಳಿ. ಹೆಂಡತಿಯನ್ನು ಜೊತೆಗೆ ಕರೆತರುವ ಹಾಗಿಲ್ಲ ಅಂತ ಮೊದಲೇ ಹೇಳಿದ್ದಾರೆ. ಮೊದಲ ದಿನ ಬಾಗಿಲು ಬರೀ ಮುಂದಕ್ಕೆ ಎಳೆದು ಹೋದ. ಅವತ್ತು ಸಂಜೆ ಅವಳನ್ನು ಬಸ್ ನಿಲ್ದಾಣದಿಂದ ಯಾರೋ ಕರೆತಂದರು. ಎರಡನೇ ದಿನ ಕೆಲಸಕ್ಕೇ ಹೋಗಲಿಲ್ಲ. ಮೂರನೇ ದಿನ ಅಂಗಡಿಗೆ ಹೋಗಿ ಒಂದು ಬೀಗ ತಂದ.

ಈಗ ದಿನಾ ಬೆಳಿಗ್ಗೆ ಅವಳಿಗೆ ಉಣ್ಣಿಸಿ, ನೀರಿನ ಚೊಂಬು ಹತ್ತಿರವಿಟ್ಟು, ಅವಳು ಆಚೆ ನೋಡುತ್ತಿರುವಾಗ ಹೊರಗೆ ಬರುತ್ತಾನೆ. ಸದ್ದಾಗದ ಹಾಗೆ ಚಿಲಕ ಸರಿಸುತ್ತಾನೆ. ಬೀಗ ಮಾತ್ರ ಎಷ್ಟು ಜೋಪಾನ ಮಾಡಿದರೂ ಟಕ್ ಅನ್ನುತ್ತದೆ.

ಒಳಗಿಂದ ಅವಳ ದನಿ ಬರುತ್ತದೆ. "ಯಾರದು ಬಾಗಿಲಲ್ಲಿ?"

ಅವನು ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತಾನೆ.

"ನಮ್ಮ ಯಜಮಾನ್ರು ಕೆಲಸಕ್ಕೆ ಹೋಗಿದಾರೆ. ಸಂಜೆ ಬನ್ನಿ."

"ಆಗಲಮ್ಮ" ಅನ್ನುತ್ತಾನೆ ಮೇಸ್ತ್ರಿ. "ಸಂಜೆ ಬರ್ತೀನಿ."