ಝೆರಾಕ್ಸ್ ಅಂಗಡಿಗೆ ಹೋದ ನನ್ನ ಮೇಲ್

ಕಳೆದ ವಾರ ನಾನೊಂದು ಮೇಲ್ ಬರೆದೆ. ಎರಡೇ ಸಾಲು. ಕಳಿಸಿದ ಮೇಲೆ, ಸರಿಯಾಗಿ ಬುದ್ಧಿ ಕಲಿಸಿದೆ ಎಂದು ಬೀಗುತ್ತ ಚಹಾ ಕುಡಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಾನು ಹುನಗುಂದದ ಕಾಲೇಜೊಂದರಲ್ಲಿ ಇತಿಹಾಸದ ಮಾಸ್ತರ. ಐಹೊಳೆಯ ಗುಡಿಗಳನ್ನು ಪ್ರವಾಸಿಗರಿಗೆ ತೋರಿಸಲು ನಮ್ಮ ವಿದ್ಯಾರ್ಥಿಗಳಿಗೆ ಗೈಡ್ ತರಬೇತಿ ಇದೆ. ಅರ್ಜಿಗಳು ನನಗೆ ಮೇಲ್‌ನಲ್ಲಿ ಬರಬೇಕು. ಬಂದವು ನೋಡಿ, ವಿಷಯದ ಜಾಗ ಖಾಲಿ, ನಮಸ್ಕಾರವಿಲ್ಲ, ಹೆಸರೂ ಇಲ್ಲ. ಒಬ್ಬನ ಐಡಿಯಲ್ಲಿ ‘ಡೇಂಜರ್’ ಎಂದಿತ್ತು. (ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗ!)

ತಾಳ್ಮೆ ಮುಗಿಯುವ ಹೊತ್ತಿಗೆ ಬಂದದ್ದು ಕಮತಗಿಯ ಝೆರಾಕ್ಸ್ ಅಂಗಡಿಯೊಂದರ ಐಡಿಯಿಂದ. ಒಂದಕ್ಷರವೂ ಇಲ್ಲ, ಬರೀ ಒಂದು ಸ್ಕ್ಯಾನ್ ಫೈಲ್. ಅದನ್ನು ತೆರೆಯದೆಯೇ ಉತ್ತರ ಕುಟ್ಟಿದೆ: ‘ಹೆಸರು ಹೇಳುವಷ್ಟೂ ಸಂಸ್ಕಾರವಿಲ್ಲದವರು ಪ್ರವಾಸಿಗರೊಡನೆ ಏನು ಮಾತಾಡುತ್ತೀರಿ? ಈ ಅರ್ಜಿ ಪರಿಗಣಿಸುವುದಿಲ್ಲ.’

ಮರುದಿನ, ಅರ್ಜಿಗೆ ಕೊನೆಯ ದಿನ, ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡನೇ ವರ್ಷದ ರೇಣುಕಾ ನಿಂತಿದ್ದಳು. ಕಮತಗಿಯ ನೇಕಾರರ ಮನೆಯ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು, ಅಪ್ಪಣೆ ಕೇಳಿ ಒಳಬಂದು ಒಂದು ಹಾಳೆ ಮೇಜಿನ ಮೇಲಿಟ್ಟಳು. ನನ್ನದೇ ಎರಡು ಸಾಲು, ಪ್ರಿಂಟ್ ಆಗಿ ಬಂದಿದ್ದವು.

ಅವಳ ಮನೆಯಲ್ಲಿರುವುದು ಒಂದೇ ಫೋನ್, ಅದು ಅಣ್ಣನ ಜೇಬಿನಲ್ಲಿ. ಹಾಗಾಗಿ ಅರ್ಜಿಯನ್ನು ಕೈಯಲ್ಲಿ ಬರೆದು ಅಂಗಡಿಯಲ್ಲಿ ಕೊಟ್ಟಿದ್ದಳು. ಅವರು ಸ್ಕ್ಯಾನ್ ಮಾಡಿ ತಮ್ಮ ಐಡಿಯಿಂದ ಕಳಿಸಿದ್ದರು. (ನಮ್ಮ ಕಡೆ ಅರ್ಧ ಊರಿನ ಮೇಲ್ ಹೋಗುವುದೇ ಹೀಗೆ.) ನನ್ನ ಉತ್ತರ ಬಂದಾಗ ಒಳ್ಳೆಯ ಸುದ್ದಿಯೇ ಇರಬೇಕೆಂದು ಅಂಗಡಿಯವರು ಎಲ್ಲರಿಗೂ ಕೇಳುವಂತೆ ಓದಿದರಂತೆ. ಅಲ್ಲಿ ಅವಳ ಅಪ್ಪನೂ ಇದ್ದರಂತೆ.

“ಅಪ್ಪ ಅಲ್ಲಿ ಏನೂ ಅನ್ಲಿಲ್ರಿ,” ಎಂದಳು. “ಮನಿಗೆ ಬಂದ ಮ್ಯಾಲೆ, ಅಂಥಾದ್ದೇನ್ ಬರದಿದ್ದಿ ಅಂತ ಕೇಳಿದ್ರು. ನಾ ಏನ್ ತಪ್ಪು ಬರದೇನ್ರಿ ಸರ್?”

ಆಗ ಫೈಲ್ ತೆರೆದೆ. ದುಂಡನೆಯ ಅಕ್ಷರ. ‘ಪೂಜ್ಯ ಗುರುಗಳಿಗೆ ನಿಮ್ಮ ವಿದ್ಯಾರ್ಥಿನಿ ರೇಣುಕಾ ಮಾಡುವ ನಮಸ್ಕಾರಗಳು’ ಎಂದೇ ಆರಂಭ. ಊರು, ತರಗತಿ, ಗೈಡ್ ಆಗಬೇಕೆಂಬ ಆಸೆ, ಎಲ್ಲವೂ ಇತ್ತು. ಮೇಲ್‌ನಲ್ಲೂ ನಾಲ್ಕು ಮಾತು ಬರೆಯಬೇಕಿತ್ತಲ್ಲ ಎಂದರೆ ಅವಳಿಗೆ ಆಶ್ಚರ್ಯ.

“ಅದು ಲಕೋಟಿ ಇದ್ದಂಗ ಅಲ್ಲೇನ್ರಿ? ನಮಸ್ಕಾರ ಒಳಗ ಬರದಿದ್ನಲ್ರಿ.”

ಮೇಲ್ ಬರೆಯುವಾಗ ಅವಳು ಎದುರಿಗೆ ನಿಂತಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿತ್ತೇ? ಮುಖ ಕಾಣದಿದ್ದಾಗ ನಮ್ಮ ನಾಲಿಗೆ ಎಷ್ಟು ಉದ್ದವಾಗುತ್ತದೆ! ವಿಷಯ ಬರಿ, ನಮಸ್ಕಾರ ಹೇಳು, ಫೈಲಿಗೆ ನಿನ್ನ ಹೆಸರಿಡು ಎಂದು ನಾವು ಯಾವತ್ತಾದರೂ ಹೇಳಿಕೊಟ್ಟಿದ್ದೇವೆಯೇ? ಹೇಳಿಕೊಡದೆ ಬೈಯುವುದು ಯಾವ ಸಂಸ್ಕಾರ?

ತಪ್ಪಾಯಿತು ಎಂದೆ. ಪಟ್ಟಿಯಲ್ಲಿ ಹೆಸರು ಸೇರಿಸಿದೆ. ಅವಳ ಅಣ್ಣನ ಫೋನಿಗೆ ಕರೆ ಮಾಡಿ ಅಪ್ಪನಿಗೂ ತಪ್ಪಾಯಿತು ಎಂದೆ. (ಅವರು ಇರಲಿ ಬಿಡ್ರಿ ಎಂದರು. ಬೈದಿದ್ದರೆ ವಾಸಿಯಿತ್ತು.) ಆಮೇಲೆ ಕಾಲೇಜಿನ ಲ್ಯಾಬ್‌ನಲ್ಲಿ ಕೂರಿಸಿ ಅವಳ ಹೆಸರಿನಲ್ಲೇ ಒಂದು ಐಡಿ ಮಾಡಿಸಿದೆ.

ನಿನ್ನೆ ಅವಳ ಮೊದಲ ಮೇಲ್ ಬಂತು. ವಿಷಯವಿತ್ತು, ನಮಸ್ಕಾರವಿತ್ತು, ಕೊನೆಯಲ್ಲಿ ಹೆಸರು, ಊರು, ತರಗತಿ. ನಡುವೆ ಇಷ್ಟೇ:

‘ಇದು ನನ್ನ ಸ್ವಂತ ಐಡಿ. ಇನ್ನು ಮುಂದೆ ಬೈಯುವುದಿದ್ದರೆ ದಯವಿಟ್ಟು ಇಲ್ಲಿಗೇ ಬೈಯಿರಿ, ಸರ್.’