ತಂತಿ ಛಲೋ ಅದರಿ

ನನ್ನ ಅಕ್ಷರ ಕಾಗೆ ಕಾಲು, ಮಾತೂ ಕಡಿಮೆ, ಓದುವವರು ಸೈರಿಸಿಕೊಳ್ಳಬೇಕು. ಜೇವರ್ಗಿಯ ಹತ್ತಿ ಮಿಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಪ್ರಮಿಲಾಬಾಯಿ ಮನೆಯ ಬೀಗವನ್ನು ಮೂರು ಸಲ ಜಗ್ಗುತ್ತಾರೆ, ನಾಲ್ಕನೆಯದಕ್ಕೆ ಹಾದಿಯಿಂದ ತಿರುಗಿ ಬರುತ್ತಾರೆ. "ಎರಡೂ ತುದಿ ನೋಡ್ರಿ" ಎಂಬುದೇ ಅವರ ಜಪ. ಅದೇ ಮಿಲ್ಲಿನಲ್ಲಿ ತಂತಿ ಎಳೆಯುವ ನಮ್ಮಪ್ಪ ಧರ್ಮಣ್ಣ, ಕಂಪ್ಯೂಟರುಗಳನ್ನು ಜೋಡಿಸುವ ಸ್ವಿಚ್ಚು ಎಂಬ ಎರಡು ಪೆಟ್ಟಿಗೆಗಳ ನಡುವೆ ಎಳೆದ ಎರಡು ತಂತಿ ಒಂದಾಗಿ ಕೆಲಸ ಮಾಡಬೇಕಿತ್ತು, ಮಾಡಲಿಲ್ಲ. "ನಿನ್ನ ತಂತಿನೇ ಖರಾಬ್ ಅದ, ನಾಳಿಂದ ಬರಬ್ಯಾಡ" ಎಂದರು ಮ್ಯಾನೇಜರ್. ಪ್ರಮಿಲಾಬಾಯಿ ತಂತಿ ಸಿಕ್ಕಿಸುವ ಪೋರ್ಟುಗಳ ಸೆಟ್ಟಿಂಗನ್ನು ಬೆರಳಿಟ್ಟು ಓದಿದರು. ಒಂದರ ವೇಗ ನೂರು, ಇನ್ನೊಂದರದು ಹತ್ತು; ವೇಗ ಸಮವಾಗದೆ ಜೋಡಿ ಕೂಡುವುದಿಲ್ಲವಂತೆ. ತಿದ್ದಿದ ಕೂಡಲೇ ಕೂಡಿತು. ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಧರ್ಮಣ್ಣಂದು ತಂತಿ ಛಲೋ ಅದರಿ ಸಾಹೇಬ್ರ. ಹತ್ತು ಅಂತ ಇಟ್ಟಾಕಿ ನಾನು" ಎಂದು ಎಲ್ಲರೆದುರೇ ಹೇಳಿದರು. ಕೆಲಸ ಉಳಿಯಿತು; ಅಪ್ಪ ಮನೆಗೆ ಬಂದು ಹೊಟ್ಟೆ ತುಂಬ ಉಂಡ. ನಾಳೆ ನಾನು ಪ್ರಮಿಲಾಬಾಯಿಗೆ ಸಜ್ಜಿ ರೊಟ್ಟಿ ಕೊಟ್ಟು ಬರುತ್ತೇನೆ.