ಎಲೆ ಹಸಿರು ಯೂನಿಫಾರ್ಮ್ ಸೀರೆ

ಶನಿವಾರ ಬೆಳಿಗ್ಗೆ ಎಂಟರ ಮೇಲೆ ನನ್ನಿಂದ ಮನೆಯಲ್ಲಿ ಕೂರಲು ಆಗುವುದಿಲ್ಲ. ವಾರದ ಐದು ದಿನ ಮಾರತ್ತಹಳ್ಳಿಯ ಆಫೀಸಿನ ಕುರ್ಚಿಗೆ ಅಂಟಿಕೊಂಡಿದ್ದ ಕಾಲುಗಳು ಆವತ್ತು ತಾವಾಗಿಯೇ ಚಪ್ಪಲಿ ಹುಡುಕುತ್ತವೆ. ಹೂಡಿಯ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಅಷ್ಟು ಹೊತ್ತಿಗೆ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತಿರುತ್ತಾರೆ. "ಏನ್ರೀ, ಇವತ್ತು ಯಾರ ಹಳೇ ಬಟ್ಟೆ ತರ್ತೀರಾ?" ಎಂದು ಕೇಳುತ್ತಾರೆ. ನಾನು ನಗುತ್ತಲೇ ಗೇಟು ದಾಟಿರುತ್ತೇನೆ, ಉತ್ತರ ಕೊಡುತ್ತಾ ನಿಂತರೆ ಒಳ್ಳೆಯದನ್ನು ಬೇರೆ ಯಾರೋ ಎತ್ತಿಕೊಂಡು ಹೋಗಿಬಿಟ್ಟರೆ?

ನನ್ನ ಹುಚ್ಚು ಹಳೇ ಉಡುಪುಗಳದ್ದು. ಈಗಿನವರು ವಿಂಟೇಜ್ ಅನ್ನುತ್ತಾರೆ. ಅಗಲ ಕಾಲರಿನ ಟೆರಿಕಾಟ್ ಅಂಗಿ, ಪಫ್ ತೋಳಿನ ರವಿಕೆ, ಯಾವುದೋ ಕಾಲದ ಮದುವೆಗೆ ಹೊಲಿಸಿದ ಸಫಾರಿ ಸೂಟು, ಎಲ್ಲವೂ ಬೇಕು. ಯಾರೋ ದರ್ಜಿ ಕೈಯಲ್ಲೇ ಹಾಕಿದ ಗುಂಡಿಯ ಕಾಜಾ ಕಂಡರೆ ಅದರ ಮೇಲೆ ಬೆರಳಾಡಿಸುತ್ತಾ ನಿಂತುಬಿಡುತ್ತೇನೆ. ಹೊಸ ಬಟ್ಟೆ ತೊಟ್ಟರೆ ಬರೀ ನಾನೊಬ್ಬಳೇ ಇರುತ್ತೇನೆ, ಬೇಜಾರು. ಹಳೆಯದು ತೊಟ್ಟರೆ ಜೊತೆಗೊಬ್ಬರು ಇದ್ದಾರೆ ಅನ್ನಿಸುತ್ತದೆ. ಮನೆಯ ಬೀರುಗಳು ತುಂಬಿ, ನುಸಿಗುಳಿಗೆಯ ವಾಸನೆ ಅಡುಗೆಮನೆಯವರೆಗೂ ಬಂದಿದೆ. "ಇನ್ನೊಂದು ಬೀರು ತಂದ್ರೆ ನಾನು ಬಾಲ್ಕನೀಲಿ ಮಲಗ್ಬೇಕಾಗುತ್ತೆ" ಎನ್ನುತ್ತಾರೆ ನನ್ನ ಗಂಡ. ಅಮ್ಮ ಅಷ್ಟು ಮೃದುವಾಗಿ ಹೇಳುವವಳಲ್ಲ. "ಸತ್ತೋರ ಬಟ್ಟೆಗೆ ಸಾಯ್ತಾಳೆ ಇವಳು" ಅನ್ನುತ್ತಾಳೆ.

ಪ್ರದರ್ಶನಗಳಿಗೂ ಬಿಡದೆ ಹೋಗುತ್ತೇನೆ. ಗಾಜಿನ ಹಿಂದೆ ಮಡಿಸಿಟ್ಟ ಸೀರೆ, ಪಕ್ಕದಲ್ಲಿ 'ಮುಟ್ಟಬೇಡಿ' ಎಂಬ ಫಲಕ. ಆ ಫಲಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮುಟ್ಟದೆ ಸೀರೆಯನ್ನು ತಿಳಿಯುವುದು ಹೇಗೆ? ಎರಡು ಸಲ ಮುಟ್ಟಿ ಸೆಕ್ಯೂರಿಟಿಯವರ ಹತ್ತಿರ ಉಗಿಸಿಕೊಂಡಿದ್ದೇನೆ. ಇನ್ನು ಹಳೇ ಉಡುಪುಗಳ ಶೋ ಎಂದರೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಯಾರು ಏನು ಉಟ್ಟು ಬರುತ್ತಾರೋ, ಹೇಗೆ ಉಟ್ಟಿರುತ್ತಾರೋ ಎಂದು ತಳಮಳ. ಅರವತ್ತರ ದಶಕದ ಸೀರೆಗೆ ಇವತ್ತಿನ ರವಿಕೆ ಹಾಕಿಕೊಂಡು ಬಂದವರನ್ನು ಕಂಡರೆ ಮನಸ್ಸಿನಲ್ಲೇ ಬೈಯುತ್ತೇನೆ. ಉಡುವ ರೀತಿ ತಪ್ಪಿದರೆ ಉಡುಪೇ ಸುಳ್ಳು ಎಂಬುದು ನನ್ನ ಹಟ. ಈ ಹಟ ಹಿಡಿದೇ ನಾನು, ಅಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟುಕೊಂಡಿದ್ದ ಒಂದು ಮಾತನ್ನು ನೂರಾರು ಜನರ ಮುಂದೆ ಬಯಲು ಮಾಡಿದೆ. ಅವಳು ಬೇಡ ಬೇಡ ಅಂದರೂ ಮಾಡಿದೆ.

ಅಮ್ಮ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ವಿದ್ಯುತ್ ಮೀಟರುಗಳಿಗೆ ತಾಮ್ರದ ತಂತಿಯ ಕಾಯಿಲ್ ಸುತ್ತುವ ಕೆಲಸ. ಹೆಂಗಸರೇ ಹೆಚ್ಚಿದ್ದ ಆ ಕಾರ್ಖಾನೆಯಲ್ಲಿ ಯೂನಿಫಾರ್ಮ್ ಎಂದು ಸೀರೆ ಕೊಡುತ್ತಿದ್ದರು. ಎಲೆ ಹಸಿರು ಬಣ್ಣ, ಕಂದುಗೆಂಪು ಅಂಚು, ಒಗೆದರೆ ಹತ್ತು ನಿಮಿಷಕ್ಕೆ ಒಣಗುವ ಪಾಲಿಯೆಸ್ಟರ್. ನಾನು ಶಾಲೆಗೆ ಹೊರಡುವ ಹೊತ್ತಿಗೆ ಅಮ್ಮ ಗೋಡೆಯ ಕನ್ನಡಿಯ ಮುಂದೆ ನಿಂತು ಅದನ್ನು ಉಡುತ್ತಿದ್ದಳು. ಎಡ ಹೆಗಲಿನಿಂದ ಬೆನ್ನಿಗೆ ಹೋದ ಸೆರಗನ್ನು ಬಲ ಹೆಗಲಿನ ಮೇಲಿಂದ ಮತ್ತೆ ಮುಂದಕ್ಕೆ ತಂದು, ಎದೆಯನ್ನು ಅಡ್ಡಲಾಗಿ ಮುಚ್ಚಿ, ಎಡಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸುವುದು. ಆ ಬಿಗಿ ನನಗೆ ಬಹಳ ಇಷ್ಟ. ಅಪ್ಪ ಲೇತ್ ಕೆಲಸದವರು, ಒಂದು ವರ್ಕ್‌ಶಾಪಿನಲ್ಲಿ ಆರು ತಿಂಗಳು ನಿಂತರೆ ಹೆಚ್ಚು. ನನ್ನ ಕಾಲಿನ ಚಡಪಡಿಕೆ ಅವರಿಂದಲೇ ಬಂದದ್ದು. ಅಮ್ಮ ಮಾತ್ರ ಪರ್ಮನೆಂಟ್. ನಮ್ಮ ವಠಾರದಲ್ಲಿ, ಶಾಲೆಯಲ್ಲಿ, ಎಲ್ಲಿ ಹೋದರೂ "ನಮ್ಮಮ್ಮ ಫ್ಯಾಕ್ಟ್ರೀಲಿ ಪರ್ಮನೆಂಟು" ಎಂದು ಹೇಳಿಕೊಂಡು ತಿರುಗಿದವಳು ನಾನು.

ಎರಡು ವರ್ಷದ ಹಿಂದೆ ದಾಸರಹಳ್ಳಿಯ ಅಮ್ಮನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಟ್ರಂಕಿನ ತಳದಲ್ಲಿ ಆ ಸೀರೆ ಸಿಕ್ಕಿತು. ನಾನು ಕುಣಿದಾಡಿಬಿಟ್ಟೆ. ಅಮ್ಮ, "ಫ್ಯಾಕ್ಟ್ರಿ ಸೀರೆ ಕಣೆ, ಒರೆಸೋ ಬಟ್ಟೆಗೂ ಆಗಲ್ಲ, ಬಿಡು" ಎಂದಳು. ಬಿಡುತ್ತೇನೆಯೇ? ಮಡಿಸಿ ಹೂಡಿಗೆ ತಂದೆ.

ಈ ವರ್ಷ ವೈಟ್‌ಫೀಲ್ಡಿನಲ್ಲಿ ಹಳೇ ಉಡುಪುಗಳ ಅಂಗಡಿ ನಡೆಸುವ ಒಬ್ಬಾಕೆ ಒಂದು ಶೋ ಏರ್ಪಡಿಸಿದರು. ರೇಷ್ಮೆ, ಜರಿ ಏನೂ ಬೇಡ, ಬೆಂಗಳೂರಿನ ಹಳೇ ಕೆಲಸದ ಉಡುಪುಗಳನ್ನು ಮನೆಯವರೇ ತೊಟ್ಟು ನಡೆಯಬೇಕು, ಆಯ್ದವನ್ನು ಆಮೇಲೆ ಒಂದು ತಿಂಗಳು ಗಾಜಿನೊಳಗೆ ಪ್ರದರ್ಶನಕ್ಕೆ ಇಡುತ್ತೇವೆ ಎಂದರು. ನನಗೆ ಆ ಕ್ಷಣವೇ ಅಮ್ಮ ಕಣ್ಣಿಗೆ ಬಂದಳು. ದೀಪಗಳ ನಡುವೆ ಅವಳು ಆ ಸೀರೆಯಲ್ಲಿ ನಡೆಯಬೇಕು, ಜನ ಎದ್ದು ನಿಂತು ಚಪ್ಪಾಳೆ ತಟ್ಟಬೇಕು.

"ನಾನು ಬರಲ್ಲ" ಎಂದಳು ಅಮ್ಮ ಫೋನಿನಲ್ಲಿ.

"ಹಂಗಾದ್ರೆ ನಾನೇ ಉಟ್ಕೊಂಡು ನಡೀತೀನಿ. ನೀನು ಮುಂದೆ ಕೂತ್ಕೊಂಡು ನೋಡು."

"ಬೇರೆ ಏನಾದ್ರೂ ಉಟ್ಕೊಳೆ. ಅಷ್ಟೊಂದು ತುಂಬ್ಕೊಂಡಿದೀಯಲ್ಲ ಬೀರೂಲಿ. ಅದು ಬೇಡ."

"ಯಾಕಮ್ಮ?"

"ಬೇಡ ಅಂದ್ರೆ ಬೇಡ. ಎಲ್ಲದಕ್ಕೂ ಯಾಕೆ ಅಂತ ಕೇಳ್ಬೇಡ."

ನಾಚಿಕೆ ಇರಬೇಕು ಅಂದುಕೊಂಡೆ. ಅವಳ ಕಾರ್ಖಾನೆಯ ಗೆಳತಿಯ ನಂಬರು ನನ್ನ ಹತ್ತಿರ ಇತ್ತು. ಅಮ್ಮನಿಗೆ ಹೇಳದೆ ಆ ಆಂಟಿಗೆ ಫೋನು ಮಾಡಿ, ಒಂದೇ ಲೈನಿನಲ್ಲಿ ಕೂತು ಕಾಯಿಲ್ ಸುತ್ತಿದ ಹಳಬರನ್ನೆಲ್ಲ ಕರೆತನ್ನಿ ಎಂದೆ. ಆಂಟಿ, "ನಿಮ್ಮಮ್ಮ ಒಪ್ಪಿದಾರಾ?" ಎಂದರು. ಒಪ್ಪಿದಾರೆ ಎಂದು ಸುಳ್ಳು ಹೇಳಿದೆ. ಅವರೆಲ್ಲ ಬರುವುದು ಗೊತ್ತಾದ ಮೇಲೆ ಅಮ್ಮ ತಾನೂ ಬರುತ್ತೇನೆ ಎಂದಳು. ನಾನು ಗೆದ್ದೆ ಅಂದುಕೊಂಡು ಬೀಗಿದೆ. ಹಿಂದಿನ ದಿನ ಅವಳು ಎರಡು ಸಲ ಫೋನು ಮಾಡಿದಳು. ಎರಡು ಸಲವೂ ಒಂದೇ ಮಾತು: "ಸೆರಗು ಸುಮ್ನೆ ಹಿಂದಕ್ಕೆ ಇಳಿಬಿಡು. ನನ್ನ ಥರ ಸುತ್ಕೋಬೇಡ."

ಸುತ್ತಿಕೊಳ್ಳದೆ ಬಿಡುತ್ತೇನೆಯೇ? ಅದೇ ತಾನೇ ಅದರ ಸೊಗಸು! ಶೋ ದಿನ ಆ ಸಭಾಂಗಣದ ಹಿಂದಿನ ಕೋಣೆಯಲ್ಲಿ ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಉಟ್ಟೆ. ಕೂರಲಾಗದೆ ಗೋಡೆಯಿಂದ ಗೋಡೆಗೆ ಓಡಾಡಿದೆ. ನನಗಿಂತ ಮೊದಲು ಒಬ್ಬರು ತಾತನ ಕಂಡಕ್ಟರ್ ಕೋಟಿನಲ್ಲಿ ನಡೆದರು, ಇನ್ನೊಬ್ಬರು ಅಜ್ಜಿಯ ನರ್ಸ್ ಉಡುಪಿನಲ್ಲಿ. ನನ್ನ ಸರದಿ ಬಂತು. ನಾನೇ ಬರೆದುಕೊಟ್ಟಿದ್ದನ್ನು ಮೈಕಿನಲ್ಲಿ ಓದಿದರು: "ಪೀಣ್ಯದ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಪರ್ಮನೆಂಟ್ ನೌಕರರಾಗಿದ್ದ ತಾಯಿಯ ಸೀರೆ. ಸೆರಗನ್ನು ಗಮನಿಸಿ, ಅದು ಅವರದೇ ಶೈಲಿ."

ನಾನು ತಲೆಯೆತ್ತಿ ನಡೆದೆ. ಅಮ್ಮ ಮೊದಲ ಸಾಲಿನಲ್ಲಿ, ಹಿಂದಿನ ಸಾಲಿನಲ್ಲಿ ಆ ಆಂಟಿ ಮತ್ತು ಇನ್ನೂ ಮೂವರು. ನಾನು ಅವರ ಮುಂದೆ ಬಂದು ಒಂದು ಸುತ್ತು ತಿರುಗಿದೆ. ಆ ಮೂವರಲ್ಲಿ ದಪ್ಪ ಕನ್ನಡಕದವರೊಬ್ಬರು, ಹಳೆಯದು ಕಂಡ ಖುಷಿಗೆ ಜೋರಾಗಿಯೇ ಕೂಗಿದರು:

"ಅಯ್ಯಯ್ಯೋ, ನೋಡ್ರೇ! ಬ್ಯಾಡ್ಜ್ ಇಲ್ದೋರ ಸೆರಗು!"

ಪಕ್ಕದವರಿಬ್ಬರು ಕಿಸಕ್ಕೆಂದು ನಕ್ಕರು. ಆಂಟಿ ಕನ್ನಡಕದವರ ತೊಡೆ ಚಿವುಟಿದ್ದು ನನಗೆ ಕಂಡಿತು. ಅಮ್ಮ ತೊಡೆಯ ಮೇಲಿದ್ದ ಬ್ಯಾಗಿನ ಜಿಪ್ಪು ತೆಗೆದು ಒಳಗೆ ಏನೋ ಹುಡುಕತೊಡಗಿದಳು. ನಾನು ವಾಪಸ್ ನಡೆದು ಪರದೆಯ ಹಿಂದೆ ಹೋಗುವವರೆಗೂ ಹುಡುಕುತ್ತಲೇ ಇದ್ದಳು. ಚಪ್ಪಾಳೆ ಜೋರಾಗಿ ಬಂತು. ನನಗೆ ಏನೂ ಅರ್ಥವಾಗಿರಲಿಲ್ಲ.

ಕಾಫಿ ಕೊಡುತ್ತಿದ್ದ ಮೇಜಿನ ಪಕ್ಕ ಆಂಟಿಯನ್ನು ಹಿಡಿದು ನಿಲ್ಲಿಸಿದೆ. ಅವರು ಮೊದಲು ಹಾರಿಕೆಯ ಮಾತಾಡಿದರು. ನಾನು ಬಿಡಲಿಲ್ಲ.

"ಪರ್ಮನೆಂಟ್ ಆದೋರಿಗೆ ವರ್ಷಕ್ಕೆರಡು ಸೀರೆ, ಒಂದು ಬ್ಯಾಡ್ಜು" ಎಂದರು ಕೊನೆಗೆ. "ಬ್ಯಾಡ್ಜು ಇಲ್ಲಿ, ಎಡಗಡೆ ಎದೆ ಮೇಲೆ ಹಾಕ್ಬೇಕು. ಟೆಂಪರರಿಯೋರಿಗೆ ಸೀರೇನೂ ಇಲ್ಲ, ಬ್ಯಾಡ್ಜೂ ಇಲ್ಲ. ಮನೆ ಸೀರೆ ಮೇಲೆ ಒಂದು ಬೂದಿ ಬಣ್ಣದ ಕೋಟು, ಅಷ್ಟೆ. ನಮ್ಮ ಲೈನಲ್ಲಿ ಐದಾರು ಜನ ಟೆಂಪರರಿಯೋರು ನಮ್ಮ ಹತ್ರ ಒಂದು ಸೀರೆ ಇಸ್ಕೊಂಡು, ಮನೆಯಿಂದ ಅದನ್ನ ಉಟ್ಕೊಂಡು ಬರೋರು. ಗೇಟ್ ಹತ್ರ ಬಂದ್ಮೇಲೆ ಕೋಟು ಹಾಕ್ಕೊಳ್ಳೋರು. ಬ್ಯಾಡ್ಜ್ ಇಲ್ದೇ ಇರೋದು ದಾರೀಲಿ ಯಾರಿಗೂ ಕಾಣ್ಬಾರ್ದು ಅಂತ ಸೆರಗು ಹಂಗೆ ಸುತ್ಕೊಳ್ಳೋದು. ಅದು ಶೈಲಿ ಅಲ್ಲಮ್ಮ. ಆ ಸೀರೆ ನಂದು."

ನನ್ನ ಕೈಯಲ್ಲಿದ್ದ ಕಾಫಿ ಲೋಟ ಎಲ್ಲಿಟ್ಟೆ ಎಂದು ನೆನಪಿಲ್ಲ. ಸೀರೆ ಬಿಚ್ಚಿ ಎಸೆದುಬಿಡೋಣ ಅನ್ನಿಸಿತು. ಬದಲಾಯಿಸಲು ತಂದಿದ್ದ ಬಟ್ಟೆ ಹಿಂದಿನ ಕೋಣೆಯಲ್ಲಿತ್ತು, ಆದರೆ ಅಮ್ಮ ಆಗಲೇ ಯಾರಿಗೂ ಹೇಳದೆ ಬಾಗಿಲ ಕಡೆ ಹೊರಟಿದ್ದಳು. ಹಾಗೆಯೇ ಹಿಂದೆ ಓಡಿದೆ. ಅಂಗಡಿಯಾಕೆ ಅಡ್ಡ ಬಂದು, "ನಿಮ್ದು ಪ್ರದರ್ಶನಕ್ಕೆ ಆಯ್ಕೆ ಆಗಿದೆ ಮೇಡಂ, ನಾಳೆ ತಂದ್ಕೊಡಿ. ಪಕ್ಕದಲ್ಲಿಡೋ ಚೀಟಿಗೆ ನಾಲ್ಕು ಸಾಲು ಇವತ್ತೇ ಕಳ್ಸಿ" ಎಂದರು. ತಲೆಯಾಡಿಸಿ ಓಡಿದೆ.

ಮೆಟ್ರೋದಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನಾನು ಆ ಹಸಿರು ಸೀರೆಯಲ್ಲಿ ಪಕ್ಕದಲ್ಲಿ. ಸೆರಗನ್ನು ಸೊಂಟದಿಂದ ಬಿಡಿಸಿ ಹಿಂದಕ್ಕೆ ಹಾಕಿಕೊಂಡೆ. ಎಡಗಡೆ ಎದೆ ಬರಿದಾಗಿ ಕಂಡಿತು, ಮತ್ತೆ ಮುಚ್ಚಿಕೊಂಡೆ. ಹೇಗಿಟ್ಟರೂ ಸರಿಯಾಗಲಿಲ್ಲ. ಎದ್ದು ನಿಂತೆ, ಕೂತೆ, ಮತ್ತೆ ನಿಂತೆ. ಎದುರಿಗೆ ಕೂತಿದ್ದ ಹೆಂಗಸು, "ಹುಷಾರಿಲ್ವಾ ಅಕ್ಕಾ?" ಎಂದು ಕೇಳಿದಳು. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗದ ರೈಲು ಹತ್ತಿದೆವು. ಅಮ್ಮ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಯಶವಂತಪುರ ದಾಟಿದ ಮೇಲೆ ನಾನೇ ತಡೆಯಲಾರದೆ ಕೇಳಿದೆ. "ನಂಗಾದ್ರೂ ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ವಠಾರಕ್ಕೆಲ್ಲ ಹೇಳಿದ ಹಂಗೆ" ಎಂದಳು ಅಮ್ಮ. "ಯಾವ ಓನರೂ ಮನೆ ಕೊಡ್ತಿರ್ಲಿಲ್ಲ ನಮ್ಗೆ. ನಿಮ್ಮಪ್ಪಂಗೆ ಒಂದು ಕೆಲಸ ಅಂತ ನಿಲ್ತಿರ್ಲಿಲ್ವಲ್ಲ. ಗಂಡ ಹೆಂಡ್ತಿ ಇಬ್ರಲ್ಲಿ ಒಬ್ರಾದ್ರೂ ಪರ್ಮನೆಂಟ್ ಇರ್ಬೇಕು ಅನ್ನೋರು. ಸೀರೆ ನೋಡಿ ಕೊಟ್ರು. ಆಮೇಲೆ ಬಿಚ್ಚೋದು ಹೆಂಗೆ? ನೀನು ಬೇರೆ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ."

"ಕೊನೆಗೂ ಮಾಡ್ಲೇ ಇಲ್ವಾ ಅವ್ರು, ಪರ್ಮನೆಂಟು?"

"ಈ ವರ್ಷ, ಮುಂದಿನ ವರ್ಷ ಅಂತಾನೇ ಹೋಯ್ತು. ಫ್ಯಾಕ್ಟ್ರಿ ಮುಚ್ಚಿದ ದಿನ ಗೇಟಲ್ಲಿ ಸಾಲಾಗಿ ನಿಲ್ಸಿ ಎಲ್ರ ಬ್ಯಾಡ್ಜೂ ಬಿಚ್ಚಿಸ್ಕೊಂಡ್ರು. ಅವ್ರೆಲ್ಲ ಅತ್ರು. ನನ್ನ ಹತ್ರ ಬಿಚ್ಚಿಸ್ಕೊಳ್ಳೋಕೆ ಏನಿತ್ತು? ಅಳೋದಕ್ಕೂ ನಂಗೆ ಹಕ್ಕಿಲ್ಲ ಅನ್ನಿಸ್ಬಿಡ್ತು. ಹಂಗೇ ಬಂದ್ಬಿಟ್ಟೆ."

ಕೆಳಗೆ ಪೀಣ್ಯದ ಶೀಟಿನ ಮಾಡುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅದರಲ್ಲಿ ಯಾವುದು ಎಂದು ಅಮ್ಮ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ನನಗೆ ನನ್ನ ಮೇಲೇ ಅಸಹ್ಯವಾಗಿತ್ತು. ಯಾರದೋ ಅಂಗಿಯ ಕಾಜಾ ನೋಡಿ ಅವರ ಬದುಕನ್ನೇ ಓದಿಬಿಡುತ್ತೇನೆ ಎಂದು ಮೆರೆಯುತ್ತಿದ್ದವಳು ನಾನು.

"ತಪ್ಪಾಯ್ತಮ್ಮ. ಪ್ರದರ್ಶನಕ್ಕೆ ಕೊಡೋದಿಲ್ಲ. ಈಗ್ಲೇ ಫೋನ್ ಮಾಡಿ ಹೇಳ್ಬಿಡ್ತೀನಿ" ಎಂದೆ.

ಅಮ್ಮ ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಈಗೇನು, ಎಲ್ರಿಗೂ ಗೊತ್ತಾಯ್ತಲ್ಲ. ಇಡು. ಆದ್ರೆ ನೀನು ಮೈಕಲ್ಲಿ ಓದಿಸಿದ್ಯಲ್ಲ, ಆ ಸುಳ್ಳು ಬೇಡ. ಸೀರೆ ಅವಳದ್ದು, ಉಟ್ಟಿದ್ದು ನಾನು. ಎರಡೂ ಬರಿ."

ಫೋನು ತೆಗೆದು ಬರೆದೆ. 'ಈ ಸೀರೆ ಒಬ್ಬ ಪರ್ಮನೆಂಟ್ ನೌಕರರದ್ದು. ಇದನ್ನು ಉಟ್ಟವರು ಅವರ ಗೆಳತಿ, ಹನ್ನೆರಡು ವರ್ಷ ಅದೇ ಲೈನಿನಲ್ಲಿ ಕಾಯಿಲ್ ಸುತ್ತಿದ ತಾತ್ಕಾಲಿಕ ನೌಕರರು. ಎದೆಯ ಮೇಲೆ ಬ್ಯಾಡ್ಜ್ ಇಲ್ಲದ್ದು ಕಾಣದಿರಲಿ ಎಂದು ಸೆರಗನ್ನು ಹೀಗೆ ಸುತ್ತಲಾಗಿದೆ.' ಅಮ್ಮನ ಕೈಗೆ ಕೊಟ್ಟೆ. ಅವಳು ಫೋನನ್ನು ದೂರ ಹಿಡಿದು, ತುಟಿಯಲ್ಲೇ ಒಂದೊಂದು ಪದ ಓದಿಕೊಂಡಳು. ಜಾಲಹಳ್ಳಿ ಬಂದು ಹೋಯಿತು.

"ಹನ್ನೆರಡು ವರ್ಷ ಅಂತ ಬರೆದು ಪಕ್ಕದಲ್ಲೇ ತಾತ್ಕಾಲಿಕ ಅಂತ ಬರ್ದಿದೀಯಲ್ಲೇ" ಎಂದಳು. "ಫ್ಯಾಕ್ಟ್ರಿಯೋರು ಬರೆದಿದ್ರು, ಬರ್ಕೊಳ್ಳಿ. ನೀನ್ಯಾಕೆ ಬರೀತೀಯ? ತೆಗಿ ಅದನ್ನ."

'ತಾತ್ಕಾಲಿಕ' ಎಂಬ ಪದ ಅಳಿಸಿ, ಉಳಿದದ್ದನ್ನು ಅಂಗಡಿಯಾಕೆಗೆ ಕಳಿಸಿದೆ. ದಾಸರಹಳ್ಳಿಯಲ್ಲಿ ಬಾಗಿಲು ತೆರೆಯಿತು, ಅಮ್ಮ ನನಗಿಂತ ಮೊದಲು ಇಳಿದಳು.